ರಾತ್ರಿ ನಿದ್ದೆ ಕೆಡಿಸುವ ಕಡಲೆಕಾಳು: ಆಸ್ಟಿಯಾಯ್ಡ್ ಆಸ್ಟಿಯೋಮ ಬಗ್ಗೆ ಅಧ್ಯಯನ ಟಿಪ್ಪಣಿ

ಮೂಳೆ ಗಡ್ಡೆಗಳ ಪಾಠ ಶುರುವಾದಾಗ ಹೆಸರುಗಳ ಪಟ್ಟಿ ನೋಡಿಯೇ ತಲೆ ತಿರುಗುತ್ತದೆ. ನನಗೂ ಹಾಗೇ ಆಗಿತ್ತು. ಆಮೇಲೆ ಒಂದೇ ಗಡ್ಡೆಯನ್ನು ಹಿಡಿದು ಬುಡದಿಂದ ತುದಿಯವರೆಗೆ ಓದಿದೆ. ಎಕ್ಸ್‌ರೇ ಏನು ಹೇಳುತ್ತದೆ, ಸಿಟಿ ಸ್ಕ್ಯಾನ್ ಯಾವಾಗ ಬೇಕು, ಎಂಆರ್‌ಐ ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದೆಲ್ಲ ಅದರಿಂದಲೇ ತಿಳಿಯಿತು. ಆ ಗಡ್ಡೆ ಆಸ್ಟಿಯಾಯ್ಡ್ ಆಸ್ಟಿಯೋಮ.

ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವುದೂ ಇಲ್ಲ. ಗಾತ್ರ ಹೆಚ್ಚೆಂದರೆ 1.5 ಸೆಂಟಿಮೀಟರ್, ಎಷ್ಟೋ ಸಲ ಒಂದು ಕಡಲೆಕಾಳಿನಷ್ಟು. ಆದರೆ ಮನೆಯವರೆಲ್ಲರ ನಿದ್ದೆ ಕೆಡಿಸುವಷ್ಟು ನೋವು ಕೊಡುತ್ತದೆ. ಇದು ತನ್ನದೇ ಆದ ಒಂದು ಗಡ್ಡೆ ಎಂದು 1935ರಲ್ಲಿ ಗುರುತಿಸಿದವರು ಅಮೆರಿಕದ ಹೆನ್ರಿ ಜಾಫೆ. ಅದಕ್ಕೂ ಮೊದಲು ಇಂಥವನ್ನು ಮೂಳೆಯ ಸೋಂಕು ಎಂದೇ ತಿಳಿಯುತ್ತಿದ್ದರು. ಆ ಗೊಂದಲ ಈಗಲೂ ಪೂರ್ತಿ ಹೋಗಿಲ್ಲ.

ಮೊದಲು ರೋಗಿಯ ಮಾತು

14 ವರ್ಷದ ಹುಡುಗ ಎಂದುಕೊಳ್ಳಿ. ತಿಂಗಳುಗಳಿಂದ ಬಲ ತೊಡೆಯಲ್ಲಿ ನೋವು. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಜಾಸ್ತಿಯಾಗುತ್ತದೆ. ಎರಡು ಗಂಟೆಗೆ ಎದ್ದು ಕೂರುತ್ತಾನೆ. ಅಮ್ಮ ಕಾಲು ಒತ್ತಿದರೂ ಇಳಿಯುವುದಿಲ್ಲ. ಆದರೆ ನೋವಿನ ಮಾತ್ರೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಮಲಗುತ್ತಾನೆ. ಈ ಕಥೆಯಲ್ಲೇ ಅರ್ಧ ಉತ್ತರ ಇದೆ.

ಕಾರಣ ಹೀಗೆ. ಗಡ್ಡೆಯ ನಡುವಿನ ಭಾಗಕ್ಕೆ ನೈಡಸ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಗೂಡು. ಈ ಗೂಡು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಹಳ ಹೆಚ್ಚಾಗಿ ತಯಾರಿಸುತ್ತದೆ. ಅದರಿಂದ ರಕ್ತನಾಳಗಳು ಹಿಗ್ಗುತ್ತವೆ, ಸುತ್ತ ಊತ ಬರುತ್ತದೆ, ಒಳಗಿರುವ ನರದ ಎಳೆಗಳು ಕೆರಳುತ್ತವೆ. ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆಗಳು ತಡೆಯುವುದು ಇದೇ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು. ಅದಕ್ಕೇ ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಹಳೆಯ ಪುಸ್ತಕಗಳಲ್ಲಿ ಆಸ್ಪಿರಿನ್ ಹೆಸರೇ ಇರುತ್ತದೆ. ಆದರೆ ವೈರಲ್ ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮಿದುಳು, ಯಕೃತ್ತಿಗೆ ಪೆಟ್ಟು ಕೊಡುವ ರೇ ಸಿಂಡ್ರೋಮ್ ಎಂಬ ಅಪಾಯ ಇದೆ, ಹಾಗಾಗಿ ಈಗ ಬೇರೆ ಮಾತ್ರೆಗಳನ್ನು ಬಳಸುತ್ತಾರೆ.

ಇದನ್ನು ಬೆಳೆಯುವ ಮಕ್ಕಳ ಸಾಮಾನ್ಯ ಕಾಲುನೋವು ಎಂದುಕೊಳ್ಳುವುದು ಸುಲಭ. ವ್ಯತ್ಯಾಸ ನೆನಪಿಡಿ. ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಜಾಗ ಬದಲಾಗುತ್ತದೆ, ಒತ್ತಿದರೆ ಹಿತ ಎನಿಸುತ್ತದೆ. ಒಂದೇ ಕಾಲು, ಒಂದೇ ಜಾಗ, ದಿನಾ ರಾತ್ರಿ ಎಂದರೆ ಸುಮ್ನೆ ಬಿಡಬಾರದು. ಒಂದು ಎಕ್ಸ್‌ರೇ ತೆಗೆಸಲೇಬೇಕು.

ಹೆಚ್ಚಾಗಿ ಕಾಣುವುದು 5ರಿಂದ 25 ವಯಸ್ಸಿನೊಳಗೆ. ಹುಡುಗಿಯರಿಗಿಂತ ಹುಡುಗರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಗಡ್ಡೆಗಳು ತೊಡೆಮೂಳೆ ಅಥವಾ ಟಿಬಿಯಾದಲ್ಲಿ (ಮಂಡಿಯ ಕೆಳಗಿನ ದಪ್ಪ ಮೂಳೆ) ಇರುತ್ತವೆ.

ಎಕ್ಸ್‌ರೇಯಲ್ಲಿ ದೃಷ್ಟಿಬೊಟ್ಟು

ಎಕ್ಸ್‌ರೇಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಡ್ಡೆಯಲ್ಲ, ಅದರ ಸುತ್ತ ಮೂಳೆ ಕಟ್ಟಿಕೊಂಡ ಗೋಡೆ. ಮೂಳೆಯ ಹೊರಪದರ ಒಂದು ಕಡೆ ದಪ್ಪಗಾಗಿ ಬೆಳ್ಳಗೆ ಉಬ್ಬಿರುತ್ತದೆ. ಆ ಬಿಳುಪಿನ ನಡುವೆ ಒಂದು ಕಪ್ಪು ಚುಕ್ಕೆ. ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೆ. ಆ ಬೊಟ್ಟೇ ನೈಡಸ್. ಆದರೆ ಗೋಡೆ ತುಂಬಾ ದಪ್ಪವಾದರೆ ಬೊಟ್ಟು ಅದರೊಳಗೆ ಮುಚ್ಚಿಹೋಗುತ್ತದೆ. ಆಗ ಬೇಕಾಗುವುದು ಸಿಟಿ.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಬೇಕು. ಎಂಆರ್‌ಐ ದುಬಾರಿ, ಹಾಗಾಗಿ ಅದೇ ಮೇಲು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಈ ಗಡ್ಡೆಯ ಮಟ್ಟಿಗೆ ಸಿಟಿಯೇ ಮೇಲು. ಎಂಆರ್‌ಐಯಲ್ಲಿ ಸುತ್ತಲಿನ ಮಜ್ಜೆಯ ಊತ, ಮಾಂಸದ ಊತ ಎದ್ದು ಕಾಣುತ್ತದೆ. ಹೊಗೆ ಮನೆಯೆಲ್ಲ ತುಂಬಿದೆ, ಒಲೆ ಎಲ್ಲಿದೆ ಎಂದು ಕಾಣುವುದಿಲ್ಲ. ಅಷ್ಟೊಂದು ಊತ ನೋಡಿದವರು ಸೋಂಕು ಎಂದೋ, ಕೆಟ್ಟ ಗಡ್ಡೆ ಎಂದೋ ಹೆದರಬಹುದು. ಎಂಆರ್‌ಐಯಲ್ಲಿ ಕಾರಣವಿಲ್ಲದ ಊತ ಕಂಡರೆ ಮತ್ತು ರಾತ್ರಿ ನೋವಿನ ಕಥೆ ಇದ್ದರೆ, ಅದೇ ಜಾಗಕ್ಕೆ ಸಿಟಿ ಮಾಡಿಸಿ.

ಸಿಟಿಯಲ್ಲಿ ಗೂಡು ದುಂಡಗೆ, ನುಣುಪಾದ ಅಂಚಿನೊಂದಿಗೆ ಕಾಣುತ್ತದೆ. ಕೆಲವು ಸಲ ಅದರ ನಡುವೆ ಒಂದು ಬಿಳಿ ಚುಕ್ಕೆ, ಗೂಡಿನೊಳಗೆ ಮೊಟ್ಟೆ ಇದ್ದಂತೆ. ಅದು ಕ್ಯಾಲ್ಸಿಯಂ ಕಟ್ಟಿದ ಭಾಗ. ಗೂಡಿನ ಕಡೆಗೆ ಬರುವ ಸಣ್ಣ ರಕ್ತನಾಳಗಳು ದಪ್ಪ ಮೂಳೆಯಲ್ಲಿ ಕಪ್ಪು ಗೆರೆಗಳ ಹಾಗೆ ಕಂಡರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಆದರೆ ಸಿಟಿಯ ಸ್ಲೈಸ್ (ಒಂದೊಂದು ಅಡ್ಡ ಹೋಳಿನ ಚಿತ್ರ) ತೆಳ್ಳಗಿರಬೇಕು, ಸುಮಾರು 1 ಮಿಲಿಮೀಟರ್. ದಪ್ಪ ಹೋಳು ಮಾಡಿದ ಬದನೆಕಾಯಿಯಲ್ಲಿ ಹುಳದ ತೂತು ತಪ್ಪಿಸಿಕೊಳ್ಳುವುದಿಲ್ಲವೇ, ಹಾಗೇ ಇದೂ. ಜೊತೆಗೆ, ಸಿಟಿ ಎಂದರೆ ವಿಕಿರಣ. ನಮ್ಮ ಮುಂದಿರುವುದು ಮಗು. ನೋವಿರುವ ಜಾಗಕ್ಕಷ್ಟೇ, ಕಡಿಮೆ ಡೋಸ್‌ನಲ್ಲಿ ಮಾಡಬೇಕು.

ಜಾಗ ಗೊತ್ತಾಗದಿದ್ದರೆ ಬೋನ್ ಸ್ಕ್ಯಾನ್ ಸಹಾಯಕ್ಕೆ ಬರುತ್ತದೆ. ಸ್ವಲ್ಪ ವಿಕಿರಣ ಇರುವ ಔಷಧಿ ಚುಚ್ಚಿ, ಮೂಳೆ ಅದನ್ನು ಎಲ್ಲಿ ಹೆಚ್ಚು ಹೀರಿಕೊಳ್ಳುತ್ತದೆ ಎಂದು ನೋಡುವ ಸ್ಕ್ಯಾನ್ ಅದು. ನಡುವೆ ತುಂಬಾ ಗಾಢ, ಸುತ್ತ ಸ್ವಲ್ಪ ಕಡಿಮೆ ಗಾಢ. ಇದಕ್ಕೆ ಡಬಲ್ ಡೆನ್ಸಿಟಿ ಸೈನ್ ಎಂದು ಹೆಸರು.

ಮೋಸ ಮಾಡುವ ಜಾಗಗಳು

ಗಡ್ಡೆ ಕೀಲಿನ ಒಳಗಿದ್ದರೆ ಗೋಡೆ ಅಷ್ಟಾಗಿ ಕಟ್ಟುವುದಿಲ್ಲ. ಎಕ್ಸ್‌ರೇ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಬದಲಿಗೆ ಕೀಲಿನಲ್ಲಿ ನೀರು ತುಂಬುತ್ತದೆ, ಮಗು ಕುಂಟುತ್ತದೆ. ನಮ್ಮಲ್ಲಿ ತಿಂಗಳುಗಟ್ಟಲೆ ಕುಂಟುವ ಮಗುವನ್ನು ಕಂಡರೆ ಕೀಲಿನ ಟಿಬಿ ನೆನಪಾಗುತ್ತದೆ, ನೆನಪಾಗಲೂ ಬೇಕು. ಆದರೆ ಟಿಬಿ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದಾಗ ಈ ಗಡ್ಡೆಯೂ ನೆನಪಾಗಬೇಕು. ಇನ್ನೊಂದು ವಿಷಯ: ಸೊಂಟದ ಕೀಲಿನ ತೊಂದರೆಗೆ ಎಷ್ಟೋ ಸಲ ಮಂಡಿ ನೋಯುತ್ತದೆ. ಮಂಡಿಯ ಎಕ್ಸ್‌ರೇ ಸರಿ ಇದೆ ಎಂದು ಮನೆಗೆ ಕಳಿಸುವ ಮುಂಚೆ ಸೊಂಟವನ್ನೂ ನೋಡಿ.

ಬೆನ್ನುಮೂಳೆಯಲ್ಲಿ ಬಂದರೆ ಬೆನ್ನು ಓರೆಯಾಗುತ್ತದೆ. ಹದಿವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವ ಬೆನ್ನಿನ ಓರೆ, ಅಂದರೆ ಸ್ಕೋಲಿಯೋಸಿಸ್‌ನಲ್ಲಿ ಅಷ್ಟೊಂದು ನೋವು ಇರುವುದಿಲ್ಲ. ನೋವಿನ ಜೊತೆ ಓರೆ ಎಂದರೆ ಕಾರಣ ಹುಡುಕಲೇಬೇಕು. ಗಡ್ಡೆ ಇರುವುದು ಹೆಚ್ಚಾಗಿ ಕಶೇರುವಿನ (ಬೆನ್ನುಮೂಳೆಯ ಒಂದೊಂದು ಎಲುಬಿನ) ಹಿಂಭಾಗದಲ್ಲಿ, ಬಾಗಿನ ಒಳಬದಿಗೆ.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೇಳುವುದು ಬ್ರೋಡಿ ಆಬ್ಸೆಸ್ ಜೊತೆಗಿನ ವ್ಯತ್ಯಾಸ. ಅದು ಮೂಳೆಯೊಳಗೆ ಕೀವು ಕಟ್ಟಿದ ಸಣ್ಣ ಕುಳಿ. ಅದರ ಒಳಗೋಡೆ ಒರಟು, ನೈಡಸ್‌ನದ್ದು ನುಣುಪು. ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ಔಷಧಿ) ಕೊಟ್ಟರೆ ನೈಡಸ್ ಒಳಗೆಲ್ಲ ಬೇಗನೆ ಬೆಳಗುತ್ತದೆ, ಕೀವಿನ ಕುಳಿಯ ಅಂಚಷ್ಟೇ ಬೆಳಗುತ್ತದೆ. ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಮೂಳೆಯಲ್ಲಾಗುವ ಸಣ್ಣ ಬಿರುಕು, ಇನ್ನೊಂದು ಹೋಲಿಕೆ. ಅಲ್ಲಿ ದುಂಡನೆಯ ಚುಕ್ಕೆ ಇರದು, ಗೆರೆ ಇರುತ್ತದೆ. ನೋವಿನ ಕಥೆಯೂ ತಿರುಗುಮುರುಗು: ಓಡಿದರೆ ಜಾಸ್ತಿ, ಮಲಗಿದರೆ ಕಡಿಮೆ. ಗಡ್ಡೆ 1.5ರಿಂದ 2 ಸೆಂಟಿಮೀಟರ್ ದಾಟಿ ದೊಡ್ಡದಾಗಿದ್ದರೆ ಇದರದೇ ಹತ್ತಿರದ ಜಾತಿಯ ಆಸ್ಟಿಯೋಬ್ಲಾಸ್ಟೋಮ ಎಂಬ ಗಡ್ಡೆ ಎಂದು ಯೋಚಿಸಬೇಕು.

ಕೆಡುಕಲ್ಲದ ಎಲ್ಲ ಗಡ್ಡೆಗಳಿಗೂ ಇಷ್ಟು ಹುಡುಕಾಟ ಬೇಕಿಲ್ಲ. ನಾನ್ ಆಸಿಫೈಯಿಂಗ್ ಫೈಬ್ರೋಮ ಎಂಬುದು ಮಕ್ಕಳಲ್ಲಿ ಬಹಳ ಸಾಮಾನ್ಯ. ಬೇರೇನಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಸಿಗುತ್ತದೆ, ವಯಸ್ಸಾದಂತೆ ತಾನಾಗಿಯೇ ಮೂಳೆ ತುಂಬಿಕೊಂಡು ಹೋಗುತ್ತದೆ. ಎಕ್ಸ್‌ರೇಯಲ್ಲಿ ಗುರುತು ಸ್ಪಷ್ಟವಾಗಿದ್ದರೆ ಅದನ್ನು ಚುಚ್ಚಿ ನೋಡುವುದೇ ತಪ್ಪು.

ಸೂಜಿಯ ತುದಿಯಲ್ಲಿ ಚಿಕಿತ್ಸೆ

ಈ ಗಡ್ಡೆ ಕೆಲವರಲ್ಲಿ ವರ್ಷಗಳ ನಂತರ ತಾನಾಗಿಯೇ ಆರಿಹೋಗುತ್ತದೆ. ಹಾಗಾಗಿ ಮಾತ್ರೆ ಕೊಟ್ಟು ಕಾಯುವುದೂ ಒಂದು ದಾರಿ. ಆದರೆ ವರ್ಷಗಟ್ಟಲೆ ದಿನಾ ನೋವಿನ ಮಾತ್ರೆ ಎಂದರೆ ಹೊಟ್ಟೆಗೂ ಕಿಡ್ನಿಗೂ ಹೊರೆ. ಶಾಲೆಗೆ ಹೋಗುವ ಹುಡುಗನಿಗೆ ಅಷ್ಟು ವರ್ಷದ ನಿದ್ದೆ ಚಿಕ್ಕ ವಿಷಯವಲ್ಲ, ಅಲ್ವಾ?

ಹಿಂದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ತೊಂದರೆ ಏನೆಂದರೆ, ಮೂಳೆಯನ್ನು ಹೊರಗಿನಿಂದ ನೋಡಿದರೆ ಗೂಡು ಎಲ್ಲಿದೆ ಎಂದು ಕಾಣುವುದಿಲ್ಲ. ಕಡಲೆಕಾಳಿನಷ್ಟನ್ನು ತೆಗೆಯಲು ಸುತ್ತಲಿನ ಎಷ್ಟೋ ಮೂಳೆ ಕೆತ್ತಬೇಕಾಗುತ್ತಿತ್ತು. ಕೆಲವರಿಗೆ ಲೋಹದ ಪಟ್ಟಿ, ತಿಂಗಳುಗಳ ವಿಶ್ರಾಂತಿ. ಅಷ್ಟಾದರೂ ಕೆಲವು ಸಲ ಗೂಡು ಅಲ್ಲೇ ಉಳಿಯುತ್ತಿತ್ತು.

1992ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೇನಿಯಲ್ ರೋಸೆಂಥಾಲ್ ಮತ್ತು ಜೊತೆಗಾರರು ಹೊಸ ವಿಧಾನ ಪ್ರಕಟಿಸಿದರು. ಹೆಸರು ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್. ಗಡ್ಡೆಯನ್ನು ತೆಗೆಯುವ ಬದಲು ಇದ್ದಲ್ಲೇ ಬೇಯಿಸುವುದು.

ಅರಿವಳಿಕೆ ಕೊಟ್ಟು ಮಗುವನ್ನು ಸಿಟಿ ಮೇಜಿನ ಮೇಲೆ ಮಲಗಿಸುತ್ತಾರೆ. ತೆಳು ಸ್ಲೈಸ್ ತೆಗೆದು, ನರ ಮತ್ತು ರಕ್ತನಾಳ ತಪ್ಪಿಸಿ ದಾರಿ ಗುರುತು ಮಾಡುತ್ತಾರೆ. ಚರ್ಮದಲ್ಲಿ ಸಣ್ಣ ತೂತು, ಆಮೇಲೆ ಮೂಳೆಗೆ ಡ್ರಿಲ್. ಪ್ರತಿ ಹಂತದಲ್ಲೂ ಮತ್ತೆ ಸಿಟಿ ನೋಡುತ್ತಾರೆ. ಸೂಜಿ ಗೂಡನ್ನು ಮುಟ್ಟಿದಾಗ, ಪೂರ್ತಿ ಅರಿವಳಿಕೆಯಲ್ಲಿದ್ದರೂ ಎಷ್ಟೋ ರೋಗಿಗಳ ನಾಡಿ, ಉಸಿರಾಟ ಜೋರಾಗುತ್ತದೆ. ಅಷ್ಟು ಸೂಕ್ಷ್ಮ ಆ ಜಾಗ. ಇದನ್ನು ಓದಿದ ದಿನ ನನಗೆ ಆ ಮಕ್ಕಳ ರಾತ್ರಿಗಳು ಹೇಗಿರುತ್ತವೆ ಎಂದು ನಿಜವಾಗಿ ಅರ್ಥವಾಯಿತು.

ಬಯಾಪ್ಸಿಗೆ ಒಂದು ಚೂರು ತೆಗೆದು, ಅದೇ ದಾರಿಯಲ್ಲಿ ಎಲೆಕ್ಟ್ರೋಡ್ (ವಿದ್ಯುತ್ ಹರಿಸುವ ಸೂಜಿ) ಇಳಿಸುತ್ತಾರೆ. ತುದಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಹೆಚ್ಚಾಗಿ 4ರಿಂದ 6 ನಿಮಿಷ ಸಾಕು. ತುದಿಯ ಸುತ್ತ ಹೆಚ್ಚುಕಡಿಮೆ 1 ಸೆಂಟಿಮೀಟರ್ ಅಗಲದ ಜಾಗ ಬೇಯುತ್ತದೆ. ಗೂಡು ಅದಕ್ಕಿಂತ ದೊಡ್ಡದಿದ್ದರೆ ಎರಡು ಕಡೆ ಇಡಬೇಕಾಗುತ್ತದೆ. ಟಿಬಿಯಾದ ಮುಂಭಾಗದಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಇಲ್ಲ, ಹಾಗಾಗಿ ಚರ್ಮ ಸುಡದಂತೆ ಎಚ್ಚರ ಬೇಕು. ಬೆನ್ನುಮೂಳೆಯಲ್ಲಿ ನರದ ಹತ್ತಿರ ಹೋಗುವಾಗ ಇನ್ನೂ ಹೆಚ್ಚಿನ ಎಚ್ಚರ. ಈಗ ತಣ್ಣಗೆ ಹೆಪ್ಪುಗಟ್ಟಿಸುವ ಕ್ರಯೋ ಅಬ್ಲೇಶನ್ ಇದೆ. ಸೂಜಿಯೇ ಇಲ್ಲದೆ, ಎಂಆರ್‌ಐ ನೋಡುತ್ತಾ ಅಲ್ಟ್ರಾಸೌಂಡ್ ಅಲೆಗಳಿಂದ ಬಿಸಿ ಮಾಡುವ ವಿಧಾನವೂ ಬಂದಿದೆ.

ಹೆಚ್ಚಿನವರು ಅದೇ ದಿನ ಅಥವಾ ಮರುದಿನ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ಭಾರ ಹೊರುವ ಮೂಳೆಯಾದರೆ ಕೆಲವು ವಾರ ಓಟ, ಜಿಗಿತ ಬೇಡ ಎನ್ನುತ್ತಾರೆ, ಏಕೆಂದರೆ ಡ್ರಿಲ್ ಮಾಡಿದ ಜಾಗ ಇನ್ನೂ ಬಲವಾಗಿರುವುದಿಲ್ಲ.

ಫಾಲೋ ಅಪ್‌ನಲ್ಲಿ ನಾವು ಎಡವುವುದು ಇಲ್ಲಿ. ಚಿಕಿತ್ಸೆಯಾದ ತಿಂಗಳುಗಳ ನಂತರವೂ ಸಿಟಿಯಲ್ಲಿ ಕಪ್ಪು ಚುಕ್ಕೆ ಹಾಗೇ ಇರಬಹುದು. ಅದು ನಿಧಾನವಾಗಿ ತುಂಬುತ್ತದೆ. ಚುಕ್ಕೆ ಇದೆ ಎಂದ ಮಾತ್ರಕ್ಕೆ ಗಡ್ಡೆ ಉಳಿದಿದೆ ಎಂದು ಬರೆಯಬಾರದು. ನೋವು ಹೋಗಿದ್ದರೆ ಮತ್ತೆ ಮತ್ತೆ ಸಿಟಿ ಮಾಡುವ ಅಗತ್ಯವೂ ಇಲ್ಲ. ಅಮ್ಮನನ್ನು ಕೇಳಿ, ಮಗು ರಾತ್ರಿ ಎಷ್ಟು ಸಲ ಏಳುತ್ತಾನೆ ಎಂದು. ಮೊದಲಿನದೇ ನೋವು, ಮೊದಲಿನದೇ ಹೊತ್ತಿಗೆ ಮರಳಿದ್ದರೆ ಮಾತ್ರ ಮತ್ತೆ ಚಿತ್ರ ತೆಗೆಯಬೇಕು. ಗೂಡು ಉಳಿದಿದ್ದರೆ ಅದೇ ಚಿಕಿತ್ಸೆಯನ್ನು ಎರಡನೇ ಸಲ ಮಾಡಬಹುದು.