ಸಾಯುವ ಹೊತ್ತಿಗೆ ತೀರಿಹೋದವರು ಕಾಣೋದು: ನಮ್ಮ ಬೈಬಲ್ ಸ್ಟಡಿಗೆ ನೋಟ್ಸ್

ಈ ಟಾಪಿಕಲ್ಲಿ ಎರಡು ಪ್ರಶ್ನೆ ಉಂಟು, ನಾವು ಮಾತಾಡುವಾಗ ಎರಡನ್ನೂ ಕಲಸಿ ಬಿಡ್ತೇವೆ. ಸಾಯ್ಲಿಕ್ಕಾದವರಿಗೆ ತೀರಿಹೋದ ಗಂಡನೋ ಅಮ್ಮನೋ ಕಾಣ್ತಾರಾ ಅನ್ನೋದು ಒಂದು, ಕಂಡದ್ದು ನಿಜವಾಗಿ ಅವರೇನಾ ಅನ್ನೋದು ಇನ್ನೊಂದು.

ಮೊದಲನೇದಕ್ಕೆ ಉತ್ತರ ಸುಲಭ, ಕಾಣ್ತಾರೆ. ಅಮೆರಿಕದ ಬಫಲೋದಲ್ಲಿ ಡಾಕ್ಟರ್ ಕ್ರಿಸ್ಟೋಫರ್ ಕೆರ್ ಮತ್ತೆ ಅವರ ಟೀಮ್ ಹಾಸ್ಪೀಸಿನ (ಗುಣ ಆಗದವರನ್ನು ಕೊನೇ ತನಕ ನೋಡಿಕೊಳ್ಳುವ ಜಾಗ) 59 ರೋಗಿಗಳನ್ನು ಮಾತಾಡಿಸಿ 2014ರಲ್ಲಿ ಪೇಪರ್ ತಂದ್ರು, ಅದರಲ್ಲಿ ಹತ್ತಿರ ಹತ್ತಿರ 88% ಜನ ಒಂದಾದ್ರೂ ಕನಸೋ ದರ್ಶನವೋ ಆಗಿದೆ ಅಂದಿದ್ದಾರೆ, ಸಾವು ಹತ್ರ ಬಂದ ಹಾಗೆ ಬದುಕಿದವರಿಗಿಂತ ತೀರಿಹೋದವರೇ ಜಾಸ್ತಿ ಕಾಣ್ಲಿಕ್ಕೆ ಶುರುವಂತೆ, ಮತ್ತೆ ಅವರು ಕಂಡ್ರೆ ಹೆಚ್ಚು ಸಮಾಧಾನವಂತೆ. ನಮ್ಮ ಮನೆಗಳಲ್ಲೂ ಇದೇ ಕಥೆ ಅಲ್ವಾ, ಅಜ್ಜಿ ಸರಿಯಾಗಿ ಎಲ್ಲರ ಗುರ್ತ ಹಿಡೀತಾರೆ, ಗಂಜಿ ಬೇಡ ಚಹಾ ಕೊಡಿ ಅಂತಾರೆ, ಅದೇ ಉಸಿರಲ್ಲಿ "ಆ ಕುರ್ಚಿ ಈಚೆ ಎಳಿ, ಅಜ್ಜ ಆಗಿಂದ ನಿಂತೇ ಇದ್ದಾರೆ" ಅಂತಾರೆ. ಜ್ವರಕ್ಕೋ ಮದ್ದಿಗೋ ಬಡಬಡಿಸೋದು ಬೇರೆ, ಅದರಲ್ಲಿ ಗಾಬರಿ ಇರ್ತದೆ, ಡ್ರಿಪ್ ಕಿತ್ತು ಹಾಕ್ತಾರೆ, ಮಗಳನ್ನೇ ನೀನು ಯಾರು ಅಂತ ಕೇಳ್ತಾರೆ. ಹಾಗೆ ಆದ್ರೆ ಡಾಕ್ಟರಿಗೆ ಹೇಳ್ಬೇಕು, ಪ್ರಾರ್ಥನೆ ಮಾತ್ರ ಸಾಲದು.

ಎರಡನೇ ಪ್ರಶ್ನೆಗೆ ಎಲ್ಲರೂ ಎತ್ತುವ ಕೇಸ್ ಒಂದುಂಟು. 1924ರ ಜನವರಿ 12, ಲಂಡನ್ನಿನ ಒಂದು ಹೆರಿಗೆ ಆಸ್ಪತ್ರೆ, ಡೋರಿಸ್ ಅನ್ನುವ ಹೆಂಗಸು ಮಗು ಹುಟ್ಟಿದ ಮೇಲೆ ಸಾಯುವ ಸ್ಥಿತಿಯಲ್ಲಿದ್ಲು. ತೀರಿಹೋದ ಅಪ್ಪ ಕಾಣ್ತಿದ್ದಾರೆ ಅಂದ್ಲು, ಆಮೇಲೆ ಗೊಂದಲದಲ್ಲಿ, ಅಪ್ಪನ ಜೊತೆ ವೀಡಾ ಇದ್ದಾಳಲ್ಲಾ ಅಂದ್ಲು. ವೀಡಾ ಅವಳ ಅಕ್ಕ, 1923ರ ಕ್ರಿಸ್ಮಸ್ ದಿನವೇ ತೀರಿಹೋಗಿದ್ಲು, ಡೋರಿಸ್‌ನ ಪರಿಸ್ಥಿತಿ ನೋಡಿ ಯಾರೂ ಅವಳಿಗೆ ತಿಳಿಸಿರ್ಲಿಲ್ಲ. ಅಲ್ಲಿದ್ದ ಡಾಕ್ಟರ್ ಫ್ಲಾರೆನ್ಸ್ ಬ್ಯಾರೆಟ್ ಮನೆಗೆ ಹೋಗಿ ಗಂಡನಿಗೆ ಹೇಳಿದ್ರು, ಗಂಡ ವಿಲಿಯಂ ಬ್ಯಾರೆಟ್ ಫಿಸಿಕ್ಸ್ ಪ್ರೊಫೆಸರ್, ಇಂಥ ಕೇಸುಗಳನ್ನೇ ಒಟ್ಟು ಮಾಡಿದ ಅವರ ಪುಸ್ತಕ ಅವರು ತೀರಿದ ಮೇಲೆ 1926ರಲ್ಲಿ ಬಂತು. ಓದಿದ್ರೆ ಮೈ ಜುಂ ಅಂತದೆ, ಸುಳ್ಳಲ್ಲ, ಆದ್ರೆ ನಂಬಿಕೆಯನ್ನು ಇದರ ಮೇಲೆ ಕಟ್ಟೋದು ಬೇಡ ಅಂತ ನನ್ನ ಅಭಿಪ್ರಾಯ. ವಾರ್ಡಲ್ಲಿ ಯಾರೋ ಮೆಲ್ಲಗೆ ಮಾತಾಡಿದ್ದು ಅವಳ ಕಿವಿಗೆ ಬಿದ್ದಿರ್ಲಿಲ್ಲ ಅಂತ ನೂರು ವರ್ಷ ಆದ ಮೇಲೆ ಯಾರು ಹೇಳ್ಲಿಕ್ಕಾಗ್ತದೆ. ಮತ್ತೆ 1977ರಲ್ಲಿ ಓಸಿಸ್, ಹರಾಲ್ಡ್‌ಸನ್ ಅನ್ನುವವರು ಅಮೆರಿಕ ಮತ್ತೆ ಉತ್ತರ ಭಾರತದ ಡಾಕ್ಟರು ನರ್ಸುಗಳನ್ನು ಕೇಳಿ ಬರೆದದ್ದು ನೋಡಿ, ಅಲ್ಲಿಯವರಿಗೆ ಹೆಚ್ಚಾಗಿ ನೆಂಟರು, ನಮ್ಮವರಿಗೆ ಹೆಚ್ಚಾಗಿ ದೇವರು, ಯಮದೂತರು. ನೋಡುವವರ ಮನಸ್ಸಿನ ಪಾಲು ಇದರಲ್ಲಿ ಇದ್ದೇ ಉಂಟು.

ಇನ್ನು ಬೈಬಲ್. ಸಾಯುವವನಿಗೆ ಸತ್ತ ನೆಂಟ ಕಂಡ ಅಂತ ಇಡೀ ಬೈಬಲಲ್ಲಿ ಒಂದು ಸೀನೂ ಇಲ್ಲ. ಕಲ್ಲೇಟಿಗೆ ಸಾಯುವ ಹೊತ್ತಲ್ಲಿ ಸ್ತೆಫನನಿಗೆ ಕಂಡದ್ದು ದೇವರ ಬಲಗಡೆ ನಿಂತ ಯೇಸು (ಅಪೊಸ್ತಲರ ಕೃತ್ಯ 7). ಲೂಕ 16ರಲ್ಲಿ ಸತ್ತ ಬಡವ ಲಾಜರನನ್ನು ಎತ್ಕೊಂಡು ಹೋದದ್ದು ದೇವದೂತರು, ಅದೇ ಕಥೆಯಲ್ಲಿ ಸತ್ತು ಯಾತನೆಯಲ್ಲಿದ್ದ ಶ್ರೀಮಂತ ತನ್ನ ಐದು ಜನ ಅಣ್ಣತಮ್ಮಂದಿರಿಗೆ ಬುದ್ಧಿ ಹೇಳ್ಲಿಕ್ಕೆ ಲಾಜರನನ್ನು ಕಳಿಸಿ ಅಂದ್ರೆ ಅಬ್ರಹಾಮ ಆಗೋದಿಲ್ಲ ಅಂದ, ಮೋಶೆ ಮತ್ತೆ ಪ್ರವಾದಿಗಳ ಮಾತು ಸಾಕು ಅಂತ. ಹಾಗಂತ ಬಾಗಿಲು ಪೂರ್ತಿ ಮುಚ್ಚಿದ್ದಲ್ಲ, ಮತ್ತಾಯ 17ರಲ್ಲಿ ಎಷ್ಟೋ ಕಾಲದ ಹಿಂದೆ ಸತ್ತ ಮೋಶೆಯೇ ಬಂದು ಯೇಸುವಿನ ಹತ್ರ ಮಾತಾಡ್ತಾನೆ, ಮೂರು ಶಿಷ್ಯರು ನೋಡ್ತಾರೆ. ಅಂದ್ರೆ ದೇವರು ಕಳಿಸಿದ್ರೆ ಬರಬಹುದು, ನಾವು ಕರೆದು ತರಿಸುವ ಹಾಗಿಲ್ಲ. ಧರ್ಮೋಪದೇಶಕಾಂಡ 18 ಬೇಡ ಅಂತ ಗಟ್ಟಿಯಾಗಿ ಹೇಳೋದು ಕರೆಯುವುದಕ್ಕೆ. ಇಡೀ ಟಾಪಿಕಿಗೆ ಬೀಗದಕೈ ಇದೇ ಅಂತ ನಂಗೆ ಕಾಣ್ತದೆ.

ಕಥೊಲಿಕರಿಗೆ ಇದು ಒಗ್ಗುವ ವಿಷಯ, ನವೆಂಬರ್ 2ಕ್ಕೆ ಸಮಾಧಿಗೆ ಹೂವು ಕ್ಯಾಂಡಲ್ ಇಟ್ಟು ಪ್ರಾರ್ಥಿಸುವವರು, ಸತ್ತವರ ಜೊತೆ ಸಂಬಂಧ ಕಡಿಯೋದಿಲ್ಲ ಅಂತ ನಂಬಿದವರು. ಪೋಪ್ ಗ್ರೆಗರಿ 6ನೇ ಶತಮಾನದ ಕೊನೆಗೆ ತನ್ನ ಅತ್ತೆ ತಾರ್ಸಿಲ್ಲಾ ಕಥೆ ಬರೆದಿದ್ದಾರೆ, ತೀರಿಹೋದ ಅವರ ವಂಶದ ಹಿರಿಯ, ಹಿಂದೆ ಪೋಪ್ ಆಗಿದ್ದ ಫೆಲಿಕ್ಸ್, ಅವಳಿಗೆ ಕಾಣಿಸಿ ಬೆಳಕಿನ ಮನೆ ತೋರಿಸಿ ಬಾ ಅಂದ್ರಂತೆ. ಆದ್ರೆ ಕೊನೇ ಗಳಿಗೆಯಲ್ಲಿ ತಾರ್ಸಿಲ್ಲಾ ಸುತ್ತ ನಿಂತವರಿಗೆ ಹೇಳಿದ್ದು, ಸರೀರಿ, ಸರೀರಿ, ಯೇಸು ಬರ್ತಿದ್ದಾರೆ ಅಂತ. ಹಿರಿಯರು ದಾರಿ ತೋರಿಸಿದ್ದಷ್ಟೇ, ಕರ್ಕೊಳ್ಲಿಕ್ಕೆ ಬಂದವರು ಬೇರೆ.

ನಮ್ಮ ಗ್ರೂಪಿನ ಸಿಎಸ್‌ಐಯವರು (ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟೆಂಟರು) ಹಿಂದೆ ಮುಂದೆ ನೋಡೋದಕ್ಕೂ ಕಾರಣ ಉಂಟು. ಇಲ್ಲಿ ಅವರ ಸಭೆಗೆ ಬೇರಾದ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಭೂತಾರಾಧನೆಯನ್ನು ಖಡಾಖಂಡಿತ ವಿರೋಧಿಸಿದವರು, ಮತ್ತೆ ತುಳುನಾಡಲ್ಲಿ ಸತ್ತವರು ಬಂದ್ರು ಅಂದ ಕೂಡ್ಲೆ ಕುಲೆ (ಸತ್ತವರ ಪ್ರೇತ), ಕುಲೆಗಳಿಗೆ ಬಡಿಸುವುದು ಅಂತ ಮಾತು ಹೋಗ್ತದೆ. ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದ ಅಡ್ವೆಂಟಿಸ್ಟರಂತೂ ಪ್ರಸಂಗಿ 9:5 ಹಿಡ್ಕೊಂಡು ಸತ್ತವರಿಗೆ ಏನೂ ಗೊತ್ತಿರೋದಿಲ್ಲ, ಪುನರುತ್ಥಾನದ ತನಕ ನಿದ್ದೆ ಅಂತಾರೆ, ಹಾಗಾಗಿ ಕಂಡದ್ದು ಅಜ್ಜ ಆಗ್ಲಿಕ್ಕೆ ಸಾಧ್ಯವೇ ಇಲ್ಲ. ನಂಗೆ ಅದು ಲೂಕ 23:43ರಲ್ಲಿ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು "ಈ ಹೊತ್ತೇ" ನನ್ನ ಜೊತೆ ಪರದೈಸಿನಲ್ಲಿರುವಿ ಅಂದ ಮಾತಿಗೆ ಕೂಡೋದಿಲ್ಲ, ಅವರು ಆ ವಾಕ್ಯವನ್ನು ಬೇರೆ ಥರ ಓದ್ತಾರೆ, ಅದನ್ನು ಬರುವ ವಾರ ಚರ್ಚೆ ಮಾಡುವ.

ವಿಸಿಟಿಗೆ ಹೋಗುವವರು ಇಷ್ಟು ನೆನಪಿಡಿ. ಅಜ್ಜಿ ಹತ್ರ ವಾದ ಬೇಡ, ಸೈತಾನ ಅಂತ ಹೆದರಿಸೋದು ಬೇಡ, ಕುರ್ಚಿ ಎಳಿ ಅಂದ್ರೆ ಎಳೀರಿ, ಕೀರ್ತನೆ 23 ಓದಿ, ಕಥೊಲಿಕರಾದ್ರೆ ಪರಮ ಪ್ರಸಾದಕ್ಕೆ ಫಾದರಿಗೆ ಬೇಗ ಫೋನ್ ಮಾಡಿ. ಆದ್ರೆ ಮನೆಯವರಲ್ಲಿ ಒಬ್ರು ಇರ್ತಾರೆ ಮಾರಾಯ್ರೆ, ಮೆಲ್ಲಗೆ ಬಗ್ಗಿ "ಜಾಗದ ರೆಕಾರ್ಡ್ ಎಲ್ಲಿಟ್ಟದ್ದು ಅಂತ ಅಜ್ಜನ ಹತ್ರ ಒಮ್ಮೆ ಕೇಳಿ" ಅನ್ನುವವರು. ಅವರಿಗೆ 1 ಸಮುವೇಲ 28 ಓದ್ಲಿಕ್ಕೆ ಕೊಡಿ, ಸತ್ತ ಸಮುವೇಲನನ್ನು ಎಬ್ಬಿಸಿ ಸಲಹೆ ಕೇಳ್ಲಿಕ್ಕೆ ಏಂದೋರಿನ ಸತ್ತವರನ್ನು ಕರೆಸುವ ಹೆಂಗಸಿನ ಹತ್ರ ಹೋದ ರಾಜ ಸೌಲ ಮರುದಿನ ಎಲ್ಲಿದ್ದ ಅಂತ ಅದರಲ್ಲೇ ಉಂಟು.