ಯಾರ ಹೆಗಲ ಮೇಲೂ ಇಲ್ಲದ ತಲೆ: ಯುರೋಪಿನ ‘ದೈಹಿಕ ಮಾದರಿ’ಗಳ ಬಗ್ಗೆ ಟಿಪ್ಪಣಿ

ದೈಹಿಕ ಮಾನವಶಾಸ್ತ್ರದ ಇತಿಹಾಸ ಓದುವಾಗ, ತಲೆಯ ಆಕಾರ, ಎತ್ತರ, ಬಣ್ಣಗಳನ್ನು ನೋಡಿ ಜನರನ್ನು ವಿಂಗಡಿಸಿದ ಯುರೋಪಿನ ‘ಮೂರು ಮಾದರಿ’ಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುವವರೇ ಹೆಚ್ಚು. ನಾನೂ ಮೊದಲು ಹಾಗೆಯೇ ಮಾಡಿದ್ದೆ. ಆದರೆ ಆ ಪಟ್ಟಿ ಹುಟ್ಟಿದ ಬಗೆಯನ್ನು ಹಿಡಿದರೆ ಅದು ಬಿದ್ದುಹೋದ ಕಾರಣವೂ ತಾನಾಗಿ ತಿಳಿಯುತ್ತದೆ.

ಮೊದಲು ಅಳತೆ. 1840ರ ದಶಕದಲ್ಲಿ ಸ್ವೀಡನ್ನಿನ ಅಂಗರಚನಾ ವಿಜ್ಞಾನಿ ಆಂಡರ್ಸ್ ರೆಟ್ಸಿಯಸ್ ಕಪಾಲ ಸೂಚ್ಯಂಕವನ್ನು ಬಳಕೆಗೆ ತಂದರು. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಬೇಕು, ಅಷ್ಟೆ. ಉದ್ದ 190 ಮಿ.ಮೀ., ಅಗಲ 140 ಮಿ.ಮೀ. ಇದ್ದರೆ ಸುಮಾರು 74, ಅಂದರೆ ಉದ್ದತಲೆ. ಉದ್ದ 180, ಅಗಲ 153 ಇದ್ದರೆ 85, ಅಂದರೆ ದುಂಡುತಲೆ. ಗಡಿಗಳನ್ನು 75 ಮತ್ತು 80ರ ಆಸುಪಾಸಿನಲ್ಲಿ ಎಳೆಯುತ್ತಿದ್ದರು. ನಿಜವಾದ ತಲೆಗಳು ಈ ಅಂಕಿಗಳ ಉದ್ದಕ್ಕೂ ತೆರಪಿಲ್ಲದೆ ಹರಡಿಕೊಂಡಿರುತ್ತವೆ. 80ರಲ್ಲಿ ಪ್ರಕೃತಿ ಬೇಲಿ ಹಾಕಿಲ್ಲ.

1899ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ರಿಪ್ಲಿ ಇದಕ್ಕೆ ಎತ್ತರ, ಕೂದಲು, ಕಣ್ಣಿನ ಬಣ್ಣಗಳನ್ನು ಸೇರಿಸಿ ಮೂರು ಮಾದರಿ ಮಾಡಿದರು. ಉತ್ತರದ ಟ್ಯೂಟಾನಿಕ್: ಎತ್ತರ, ಉದ್ದತಲೆ, ತಿಳಿ ಬಣ್ಣದ ಕೂದಲು. ನಡುವಿನ ಪರ್ವತ ಸೀಮೆಯ ಆಲ್ಪೈನ್: ದುಂಡುತಲೆ, ಗಟ್ಟಿಮುಟ್ಟಾದ ಮೈಕಟ್ಟು, ಕಂದು ಕೂದಲು. ದಕ್ಷಿಣದ ಮೆಡಿಟರೇನಿಯನ್: ಉದ್ದತಲೆ, ಕುಳ್ಳು, ಕಪ್ಪು ಕೂದಲು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಜೋಸೆಫ್ ಡೆನಿಕರ್ ಆರು ಮುಖ್ಯ, ನಾಲ್ಕು ಉಪ ಜನಾಂಗಗಳನ್ನು ಎಣಿಸಿದರು. ಉತ್ತರದ ಮಾದರಿಗೆ ‘ನಾರ್ಡಿಕ್’ ಎಂಬ ಹೆಸರು ಅವರದು. ಒಂದೇ ಖಂಡದ ಜನರಲ್ಲಿ ಒಬ್ಬರಿಗೆ ಮೂರು ಕಂಡರೆ ಇನ್ನೊಬ್ಬರಿಗೆ ಹತ್ತು!

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಸಂಗ. ತಮ್ಮ ಗ್ರಂಥಕ್ಕಾಗಿ ಶುದ್ಧ ಆಲ್ಪೈನ್ ವ್ಯಕ್ತಿಯ ಛಾಯಾಚಿತ್ರ ಬೇಕೆಂದು ರಿಪ್ಲಿ ಜರ್ಮನಿಯ ಓಟ್ಟೊ ಅಮ್ಮೋನ್ ಅವರನ್ನು ಕೇಳಿದರು. ಅಮ್ಮೋನ್ ಸಾವಿರಾರು ತಲೆಗಳನ್ನು ಅಳೆದಿದ್ದವರು. ಆದರೂ ಎಲ್ಲ ಲಕ್ಷಣಗಳೂ ಕೂಡಿದ ಒಬ್ಬನೂ ಅವರಿಗೆ ಸಿಕ್ಕಿರಲಿಲ್ಲ. ದುಂಡುತಲೆಯವನ ಕೂದಲು ತಿಳಿ ಬಣ್ಣದ್ದು, ಇಲ್ಲವೇ ಆಳು ಎತ್ತರ, ಇಲ್ಲವೇ ಮೂಗು ಕಿರಿದು. ಇದನ್ನು ಮುಚ್ಚಿಡದೆ ರಿಪ್ಲಿಯವರೇ ಬರೆದಿದ್ದಾರೆ, ಅದಕ್ಕಾಗಿ ಅವರನ್ನು ಮೆಚ್ಚಬೇಕು.

ಹೀಗೇಕಾಯಿತು? ಸಣ್ಣ ಲೆಕ್ಕ ಹಾಕೋಣ. ನಾಲ್ಕು ಲಕ್ಷಣಗಳಲ್ಲಿ ಪ್ರತಿಯೊಂದೂ ಊರಿನ ಅರ್ಧ ಜನರಲ್ಲಿದೆ, ಒಂದಕ್ಕೊಂದು ನಂಟಿಲ್ಲ ಎಂದುಕೊಳ್ಳಿ. ನಾಲ್ಕೂ ಒಬ್ಬರಲ್ಲೇ ಕೂಡುವುದು ಹದಿನಾರರಲ್ಲಿ ಒಬ್ಬರಿಗೆ ಮಾತ್ರ. ಲಕ್ಷಣಗಳನ್ನು ಹೆಚ್ಚಿಸಿದಷ್ಟೂ ‘ಶುದ್ಧ’ ವ್ಯಕ್ತಿ ಕಾಣೆಯಾಗುತ್ತಾನೆ. ಪ್ರತಿ ಲಕ್ಷಣದ ಸರಾಸರಿಯನ್ನು ಬೇರೆಬೇರೆಯಾಗಿ ತೆಗೆದು ಒಂದೇ ದೇಹಕ್ಕೆ ಅಂಟಿಸಿದಾಗ ಹುಟ್ಟಿದ್ದೇ ಈ ‘ಮಾದರಿ’.

ಎಚ್ಚರಿಕೆ ಮೊದಲೇ ಬಂದಿತ್ತು. ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಚೋ ಜರ್ಮನಿಯ ಸುಮಾರು 67 ಲಕ್ಷ ಶಾಲಾ ಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣಗಳ ಸಮೀಕ್ಷೆಯನ್ನು 1886ರಲ್ಲಿ ಪ್ರಕಟಿಸಿದರು. ಮೂರೂ ತಿಳಿ ಬಣ್ಣದವಾಗಿದ್ದ ಮಕ್ಕಳು ಮೂರನೇ ಒಂದು ಪಾಲಿಗಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮಿಶ್ರ ಲಕ್ಷಣದವರು. ಮುಂದೆ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಅಮೆರಿಕದ ವಲಸಿಗರು ಮತ್ತು ಅವರ ಮಕ್ಕಳು ಸೇರಿ ಸುಮಾರು 18,000 ಜನರನ್ನು ಅಳೆಸಿ, ಅಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ತಂದೆತಾಯಿಯರದಕ್ಕಿಂತ ಬದಲಾಗಿದೆ ಎಂದು ತೋರಿಸಿದರು. ಆ ಬದಲಾವಣೆ ಎಷ್ಟು ದೊಡ್ಡದು ಎಂಬ ವಾದ ಈ ಶತಮಾನದಲ್ಲೂ ನಡೆದಿದೆ.

ಅಷ್ಟಾದರೂ ಪಟ್ಟಿ ರಾಜಕೀಯಕ್ಕೆ ಇಳಿಯಿತು. 1916ರಲ್ಲಿ ಅಮೆರಿಕದ ಲೇಖಕ ಮ್ಯಾಡಿಸನ್ ಗ್ರಾಂಟ್ ನಾರ್ಡಿಕ್ ಮೇಲ್ಮೆಯನ್ನು ಸಾರಿದರು. 1924ರ ಅಮೆರಿಕದ ಕಾಯ್ದೆ ದಕ್ಷಿಣ ಮತ್ತು ಪೂರ್ವ ಯುರೋಪಿನವರ ವಲಸೆಯನ್ನು ಬಿಗಿಯಾಗಿ ಕಡಿತಗೊಳಿಸಿತು. ನಾಜಿ ಜರ್ಮನಿಯಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮವರೊಬ್ಬರ ಹೆಸರನ್ನೂ ಇಲ್ಲಿ ಬರೆದುಕೊಳ್ಳಿ. 1920ರ ದಶಕದ ಕೊನೆಯಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರ್ಲಿನ್ನಿನಲ್ಲಿ ಜರ್ಮನ್ ಮಾನವಶಾಸ್ತ್ರಜ್ಞ ಯೂಜೆನ್ ಫಿಷರ್ ಬಳಿ ಸಂಶೋಧನೆಗೆ ಸೇರಿದರು. ತಲೆಬುರುಡೆಯ ಎಡಬಲ ವ್ಯತ್ಯಾಸ ಜನಾಂಗದಿಂದ ಜನಾಂಗಕ್ಕೆ ಬೇರೆಯೆಂದು ತೋರಿಸಬೇಕೆಂಬುದು ಗುರುವಿನ ನಿರೀಕ್ಷೆ. 149 ಬುರುಡೆಗಳನ್ನು ಅಳೆದ ಕರ್ವೆ, ಆ ವ್ಯತ್ಯಾಸಕ್ಕೂ ಜನಾಂಗಕ್ಕೂ ನಂಟಿಲ್ಲವೆಂದೇ ಬರೆದರು. ಗುರುವಿನ ಎದುರು ಹಾಗೆ ಬರೆಯಲು ಬೇಕಾದ ಗಟ್ಟಿತನವನ್ನು ನೆನೆದರೆ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಪರೀಕ್ಷೆಯಲ್ಲಿ ಹಲವರು ಎಡವುವ ಜಾಗ ಒಂದಿದೆ. ಪ್ರಾಚೀನ ಡಿಎನ್‌ಎ ಅಧ್ಯಯನಗಳೂ ಯುರೋಪಿಗೆ ಮೂರು ಮೂಲಗಳನ್ನೇ ಹೇಳುತ್ತವೆ: ಬೇಟೆಗಾರರು, ಅನಟೋಲಿಯದಿಂದ (ಇಂದಿನ ಟರ್ಕಿ) ಬಂದ ಕೃಷಿಕರು, ಹುಲ್ಲುಗಾವಲಿನ ಪಶುಪಾಲಕರು. ಇವು ರಿಪ್ಲಿಯ ಮೂರಲ್ಲ. ಇಂದಿನ ಬಹುತೇಕ ಯುರೋಪಿಯನ್ನರಲ್ಲಿ ಮೂರೂ ಬೇರೆಬೇರೆ ಪ್ರಮಾಣದಲ್ಲಿ ಬೆರೆತಿವೆ. ಸ್ಪೇನಿನ ಲಾ ಬ್ರಾನ್ಯಾದಲ್ಲಿ ದೊರೆತ ಸುಮಾರು 7,000 ವರ್ಷ ಹಿಂದಿನ ಬೇಟೆಗಾರನ ವಂಶವಾಹಿಗಳು ಸೂಚಿಸುವಂತೆ ಅವನ ಚರ್ಮ ಕಪ್ಪು, ಕಣ್ಣು ನೀಲಿ. ಆ ಜೋಡಿ ರಿಪ್ಲಿಯ ಯಾವ ಮಾದರಿಗೂ ಹೊಂದದು.