ಕೋಲೆಬಸವನ ಕೊರಳಿಗೆ ಕೀಲಿಕೈ ಗೊಂಚಲು

ಆಫೀಸಿನ ಇನ್‌ಬಾಕ್ಸಿಗೆ ಒಂದು ಮೇಲ್ ಬರುತ್ತದೆ. ನೀವು ಅದನ್ನು ತೆರೆದೂ ನೋಡುವುದಿಲ್ಲ. ಲಿಂಕ್ ಒತ್ತುವುದಿಲ್ಲ, ಅಟ್ಯಾಚ್‌ಮೆಂಟ್ ಮುಟ್ಟುವುದಿಲ್ಲ, ಸೆಕ್ಯೂರಿಟಿ ಟ್ರೈನಿಂಗಿನಲ್ಲಿ ಮಾಡಬೇಡಿ ಅಂದಿದ್ದ ಯಾವ ತಪ್ಪನ್ನೂ ಮಾಡುವುದಿಲ್ಲ. ಎರಡು ದಿನ ಬಿಟ್ಟು ಕಂಪನಿ ಕೊಟ್ಟ ಎಐ ಸಹಾಯಕನಿಗೆ ಕೆಲಸದ ಬಗ್ಗೆ ಏನೋ ಕೇಳುತ್ತೀರಿ. ಅಷ್ಟಕ್ಕೇ ಕಂಪನಿಯ ಗುಟ್ಟೊಂದು ಗೇಟು ದಾಟಿರುತ್ತದೆ.

ಕಟ್ಟುಕಥೆಯಲ್ಲ. ಆಫೀಸುಗಳಿಗೆ ಮೈಕ್ರೋಸಾಫ್ಟ್ ಕೊಡುವ ಎಐ ಸಹಾಯಕ ಮೈಕ್ರೋಸಾಫ್ಟ್ 365 ಕೋಪೈಲಟ್‌ನಲ್ಲಿ ಇಂಥದೇ ಒಂದು ತೂತು ಇತ್ತು. ಏಮ್ ಸೆಕ್ಯೂರಿಟಿ ಅನ್ನುವ ಭದ್ರತಾ ಕಂಪನಿಯ ಸಂಶೋಧಕರು ಅದನ್ನು ಕಂಡುಹಿಡಿದು, 2025ರ ಜೂನ್‌ನಲ್ಲಿ ಎಕೋಲೀಕ್ ಅನ್ನುವ ಹೆಸರಿನಲ್ಲಿ ಜನರ ಮುಂದಿಟ್ಟರು. ಅಪಾಯದ ಅಂಕ 10ಕ್ಕೆ 9.3. ಅಷ್ಟರಲ್ಲಿ ಮೈಕ್ರೋಸಾಫ್ಟ್ ತೂತು ಮುಚ್ಚಿಯಾಗಿತ್ತು, ಯಾವ ಗ್ರಾಹಕರಿಗೂ ಪೆಟ್ಟಾಗಿಲ್ಲ ಅಂತಲೂ ಹೇಳಿತು. ಆದರೆ ಅದು ಕೆಲಸ ಮಾಡುತ್ತಿದ್ದ ರೀತಿ ಇದೆಯಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕೋಪೈಲಟ್‌ಗೆ ನೀವು ಪ್ರಶ್ನೆ ಕೇಳಿದಾಗ ಅದು ನಿಮ್ಮ ಮೇಲ್, ಫೈಲ್, ಚಾಟ್ ಎಲ್ಲ ತಡಕಾಡಿ, ಸಂಬಂಧ ಇದೆ ಅನ್ನಿಸಿದ ತುಣುಕುಗಳನ್ನು ಒಟ್ಟುಮಾಡಿ ಮಾಡೆಲ್ ಮುಂದೆ, ಅಂದರೆ ಉತ್ತರ ಬರೆಯುವ ಎಐ ಮಿದುಳಿನ ಮುಂದೆ, ಸುರಿಯುತ್ತದೆ. ಆ ರಾಶಿಯೊಳಗೆ ಕಳ್ಳನ ಮೇಲ್ ಕೂಡ ಸೇರಿಕೊಳ್ಳುತ್ತದೆ. ಯಾವ ಪ್ರಶ್ನೆ ಕೇಳಿದರೂ ಸಿಕ್ಕಿಬೀಳಲಿ ಅಂತಲೇ ಅದರಲ್ಲಿ ನಾಲ್ಕಾರು ವಿಷಯ ತುಂಬಿಟ್ಟಿರುತ್ತಾರೆ. ಎಐ ಅನ್ನುವ ಮಾತೇ ಅದರಲ್ಲಿ ಇಲ್ಲ, ಮನುಷ್ಯರಿಗೆ ಬರೆದ ಕಾಗದದ ಹಾಗೇ ಕಾಣುತ್ತದೆ. ಹಾಗಾಗಿ ಕಾವಲಿಗಿದ್ದ ಫಿಲ್ಟರ್ ಅದನ್ನು ಸುಮ್ನೆ ಬಿಟ್ಟುಬಿಟ್ಟಿತು. ಒಳಗಿದ್ದ ಸೂಚನೆ ಇಷ್ಟೇ: ನಿನ್ನ ಮುಂದಿರುವುದರಲ್ಲಿ ಅತಿ ಗುಟ್ಟಿನದನ್ನು ಆರಿಸು, ಈ ಚಿತ್ರದ ವಿಳಾಸದ ಬಾಲಕ್ಕೆ ಅಂಟಿಸು. ಉತ್ತರ ಪರದೆ ಮೇಲೆ ಮೂಡುತ್ತಲೇ ಬ್ರೌಸರ್ ತಾನಾಗಿಯೇ ಚಿತ್ರ ತರಲು ಓಡುತ್ತದೆ. ಚಿತ್ರ ತರಬೇಕು ಅಂದರೆ ವಿಳಾಸ ಹೇಳಬೇಕು. ವಿಳಾಸದ ಜೊತೆ ಗುಟ್ಟೂ ಕಳ್ಳನ ಸರ್ವರಿಗೆ ಹೋಯಿತು. ಗೊತ್ತಿಲ್ಲದ ಸೈಟಿಗೆ ಹೋಗಬಾರದು ಅಂತ ತಡೆ ಇತ್ತು, ನಿಜ. ಸಂಶೋಧಕರು ಮೈಕ್ರೋಸಾಫ್ಟ್‌ನದೇ ಟೀಮ್ಸ್ ಸರ್ವರ್ ಮೂಲಕ ಸುತ್ತಿಕೊಂಡು ಹೋದರು!

ಇದರ ಬೇರು ಎಲ್ಲಿದೆ? ಈ ಮಾಡೆಲ್‌ಗಳಿಗೆ ನೀವು ಕೊಟ್ಟ ಅಪ್ಪಣೆ, ಓದಲು ಕೊಟ್ಟ ಕಾಗದ ಎರಡೂ ಒಂದೇ ಬಾಗಿಲಲ್ಲಿ, ಒಂದೇ ಸಾಲಿನಲ್ಲಿ ಒಳಗೆ ಬರುತ್ತವೆ. ಎಲ್ಲವೂ ಬರೀ ಪದಗಳೇ. ಯಾವುದು ಯಜಮಾನನ ಮಾತು, ಯಾವುದು ದಾರಿಹೋಕನ ಮಾತು ಅಂತ ಖಚಿತವಾಗಿ ಬೇರೆ ಮಾಡುವ ಗೋಡೆ ಇಲ್ಲ. ಯಾರು ಏನು ಕೇಳಿದರೂ ತಲೆ ಆಡಿಸುವ ಕೋಲೆಬಸವ ಗೊತ್ತಲ್ವಾ, ಹಾಗೆ. ಸೈಮನ್ ವಿಲಿಸನ್ ಅನ್ನುವ ಪ್ರೋಗ್ರಾಮರ್ 2022ರಲ್ಲೇ ಈ ಕಾಯಿಲೆಗೆ ಪ್ರಾಂಪ್ಟ್ ಇಂಜೆಕ್ಷನ್ ಅಂತ ಹೆಸರಿಟ್ಟರು. ಮಾಹಿತಿ ತುಂಬುವ ಜಾಗದಲ್ಲಿ ಅಪ್ಪಣೆ ತುರುಕಿ ಡೇಟಾಬೇಸನ್ನು ಮೋಸಗೊಳಿಸುತ್ತಿದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ ಇದರ ಅಣ್ಣ. ಅಲ್ಲಿ ಅಪ್ಪಣೆಯನ್ನೂ ಮಾಹಿತಿಯನ್ನೂ ಬೇರೆ ಬೇರೆ ಕಳಿಸುವ ಪದ್ಧತಿ ಬಂತು, ಅದನ್ನು ಪಾಲಿಸಿದವರು ಬಚಾವಾದರು. ಇಲ್ಲಿ ಅಂಥ ಪಕ್ಕಾ ಮದ್ದು ಇನ್ನೂ ಇಲ್ಲ. ಇರುವ ಫಿಲ್ಟರ್‌ಗಳು ಬಹುಪಾಲು ಸಲ ಹಿಡಿಯುತ್ತವೆ, ಆದರೆ ಅವು ಒಂದೇ ಒಂದು ಸಲ ಹಿಡಿಯದೆ ಹೋದರೂ ಕಳ್ಳನಿಗೆ ಅಷ್ಟೇ ಸಾಕು.

ಹಾಗಾಗಿ ಬಸವನಿಗೆ ಬುದ್ಧಿ ಕಲಿಸುವುದಕ್ಕಿಂತ ಅವನ ಕೊರಳಿಗೆ ಎಷ್ಟು ಕೀಲಿಕೈ ಕಟ್ಟಿದ್ದೀವಿ ಅಂತ ಎಣಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. 2025ರಲ್ಲಿ ವಿಲಿಸನ್ ಅವರೇ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಗುಟ್ಟಿನ ಮಾಹಿತಿ ಓದುವ ಅಧಿಕಾರ, ಹೊರಗಿನವರು ಬರೆದದ್ದನ್ನು ಓದುವ ಕೆಲಸ, ಹೊರಗೆ ಏನಾದರೂ ಕಳಿಸುವ ದಾರಿ, ಈ ಮೂರೂ ಒಂದೇ ಸಹಾಯಕನ ಹತ್ತಿರ ಸೇರಿದರೆ ಕೆಟ್ಟಿತು. ಒಂದನ್ನು ಕಿತ್ತುಕೊಂಡರೂ ಕಳ್ಳನ ಕೈ ಕಟ್ಟಿದ ಹಾಗೆ. ಗ್ರಾಹಕರ ಮೇಲ್ ಓದುವ ಎಐಗೆ ಸಂಬಳದ ಫೈಲ್ ಯಾಕೆ ಕಾಣಬೇಕು? ಕೋಡ್ ಬರೆಯುವ ಎಐ ಕೈಗೆ ಗ್ರಾಹಕರ ಅಸಲಿ ಡೇಟಾಬೇಸನ್ನು ಅಳಿಸುವ ಅಧಿಕಾರ ಯಾಕೆ?

ಸಂಬಳದ ಫೈಲ್ ಅಂದಾಗ ಇನ್ನೊಂದು ನೆನಪಾಯಿತು. ಎಷ್ಟೋ ಆಫೀಸುಗಳಲ್ಲಿ ಯಾರೋ ಯಾವತ್ತೋ ಅವಸರಕ್ಕೆ 'ಎಲ್ಲರಿಗೂ' ಅಂತ ಶೇರ್ ಮಾಡಿಟ್ಟ ಫೋಲ್ಡರ್‌ಗಳು ಹಾಗೇ ಬಿದ್ದಿರುತ್ತವೆ. ಬಾಗಿಲು ತೆರೆದೇ ಇತ್ತು, ಬಾಗಿಲು ಇರುವುದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಈಗ 'ನಮ್ಮ ಮ್ಯಾನೇಜರ್ ಸಂಬಳ ಎಷ್ಟು' ಅಂತ ಕೇಳಿದರೆ ಎಐ ಕ್ಷಣದಲ್ಲಿ ಅದನ್ನು ಹುಡುಕಿಕೊಡುತ್ತದೆ. ಅದು ಏನನ್ನೂ ಒಡೆದಿಲ್ಲ, ನಿಮಗಿದ್ದ ಅನುಮತಿಯನ್ನೇ ಬಳಸಿದೆ. ಎಐ ತರುವ ಮುಂಚೆ ಮಾಡಬೇಕಾದ ಮೊದಲ ಕೆಲಸ ಬೋರಿಂಗ್ ಆದದ್ದು: ಯಾವ ಫೋಲ್ಡರ್ ಯಾರಿಗೆ ತೆರೆದಿದೆ ಅಂತ ಕೂತು ನೋಡುವುದು.

ಎಲ್ಲ ನಿಷೇಧ ಮಾಡಿದರೆ ಆಯ್ತಲ್ಲ ಅಂತೀರಾ? 2023ರಲ್ಲಿ ಸ್ಯಾಮ್‌ಸಂಗ್ ಹಾಗೇ ಮಾಡಿತು. ಅದರ ಸೆಮಿಕಂಡಕ್ಟರ್ ವಿಭಾಗದ ನೌಕರರು ಕಂಪನಿಯ ಸೋರ್ಸ್ ಕೋಡನ್ನೂ, ಒಂದು ಮೀಟಿಂಗಿನ ಮಾತುಕತೆಯನ್ನೂ ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾದ ಮೇಲೆ, ಆ ಮೇ ತಿಂಗಳಲ್ಲಿ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಇಂಥ ಎಐ ಬಳಸಬಾರದು ಅಂತ ಆಯಿತು. ಸಿಟ್ಟು ಅರ್ಥವಾಗುತ್ತದೆ. ಆದರೆ ಜೇಬಿನಲ್ಲಿ ಸ್ವಂತ ಫೋನ್ ಇರುವವರನ್ನು ಎಷ್ಟು ದಿನ ತಡೆಯುತ್ತೀರಿ? ಕಂಪನಿಯೇ ಒಂದು ಒಳ್ಳೆಯ ಎಐ ಕೊಟ್ಟರೆ ಕದ್ದುಮುಚ್ಚಿ ಬಳಸುವುದು ಕಡಿಮೆಯಾದೀತು.

ನಮ್ಮ ದೇಶದ ಕಂಪನಿಗಳಿಗೆ ಇನ್ನೊಂದು ತಲೆನೋವು ಇದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್, ಅಂದರೆ ಕಂಪ್ಯೂಟರ್‌ಗಳಲ್ಲಿ ನಡೆದದ್ದರ ದಾಖಲೆ, ಇಟ್ಟಿರಬೇಕು. ಎಕೋಲೀಕ್ ತರಹದ್ದು ನಡೆದರೆ ವೈರಸ್ ಇಲ್ಲ, ಪಾಸ್‌ವರ್ಡ್ ಕದ್ದಿಲ್ಲ, ಯಾರೂ ಏನನ್ನೂ ಒತ್ತಿಲ್ಲ. ಗಮನಕ್ಕೆ ಬರುವುದಾದರೂ ಹೇಗೆ? ಸಹಾಯಕ ಯಾವ ಮೇಲ್ ಓದಿತು, ಯಾವ ಫೈಲ್ ತೆಗೆಯಿತು, ಉತ್ತರದಲ್ಲಿ ಯಾವ ವಿಳಾಸ ಬರೆಯಿತು ಅನ್ನುವುದು ಆ ಲಾಗ್‌ನಲ್ಲಿದ್ದರೆ ಸುಳಿವು ಸಿಗಬಹುದು. ನಿಮ್ಮ ಐಟಿ ವಿಭಾಗದವರು ಸಿಕ್ಕಾಗ ಒಮ್ಮೆ ಕೇಳಿ ನೋಡಿ, ಎಐ ಓದಿದ್ದು ನಮ್ಮಲ್ಲಿ ಎಲ್ಲಾದರೂ ದಾಖಲಾಗುತ್ತದಾ ಅಂತ.